ಅರಮನೆಯ ದೀಪ ಆರುವ ಹೊತ್ತು

ಕಳೆದ ವಾರ ಅಟ್ಟದ ಮೇಲಿನ ಟ್ರಂಕು ಇಳಿಸಿ ಹಳೆಯ ಸಾಮಾನು ವಿಂಗಡಿಸುತ್ತಿದ್ದಾಗ ಒಂದು ಟಾರ್ಚು ಕೈಗೆ ಸಿಕ್ಕಿತು. ಉದ್ದನೆಯದು, ಬಣ್ಣ ಮಾಸಿದ್ದು. ಹಿಂಬದಿಯ ಮುಚ್ಚಳ ತುಕ್ಕು ಹಿಡಿದು ಬಿಗಿದುಹೋಗಿತ್ತು. ಸೆರಗು ಸುತ್ತಿ ತಿರುಗಿಸಿದೆ. ತೆರೆದ ಕೂಡಲೇ ಸೆಲ್ಲು ಒಸರಿ ಒಣಗಿದ ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ನನ್ನ ಎಡಗೈ ತನ್ನಷ್ಟಕ್ಕೇ ಪಕ್ಕಕ್ಕೆ ಚಾಚಿತು, ಒಂದು ಪುಟ್ಟ ಕೈ ಹಿಡಿಯುವುದಕ್ಕೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಹೊರಗೆ ಒಳ್ಳೇ ಬಿಸಿಲು ಬೇರೆ. ಆದರೂ ಆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ, ಬೇಸಿಗೆ ರಜೆಯಿಂದ ಕಾರ್ತಿಕದವರೆಗೆ, ಆ ಟಾರ್ಚು ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು. ಬ್ಯಾಗಿಗೆ ಅದು ಹಿಡಿಸುತ್ತಲೇ ಇರಲಿಲ್ಲ, ಜಿಪ್ಪು ಅರ್ಧಕ್ಕೇ ನಿಲ್ಲುತ್ತಿತ್ತು. ಅಷ್ಟು ಸಂಜೆಗಳನ್ನು ನಾನು ಮೈಸೂರಿನಲ್ಲಿ ಮತ್ತೆಂದೂ ಹೊರಗೆ ಕಳೆದಿಲ್ಲ. ಅಷ್ಟು ಹೆದರಿಕೊಂಡೂ ಇಲ್ಲ.

ಆಗ ನಾವಿದ್ದದ್ದು ವಿದ್ಯಾರಣ್ಯಪುರಂನಲ್ಲಿ. ನಮ್ಮವರಿಗೆ ಮೈಸೂರಿನದೇ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಕೆಲಸ. ಒಂದು ವಾರ ಬೆಳಗಿನ ಪಾಳಿ, ಮರುವಾರ ಮಧ್ಯಾಹ್ನದ್ದು. ಲಷ್ಕರ್ ಮೊಹಲ್ಲಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಾವ ನಾನು ಆ ಮನೆ ಸೇರಿದ ಮರುವರ್ಷವೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನಾವಿಬ್ಬರು ಮತ್ತು ಎಂಟು ತುಂಬಿದ ಮಗಳು ಉಮಾ.

ಅತ್ತೆಯದು ಕಟ್ಟುನಿಟ್ಟಿನ ಆಡಳಿತ. ಹೊತ್ತು ಮುಳುಗುವ ಮೊದಲೇ ಕೈಕಾಲು ತೊಳೆದು, ವಿಭೂತಿ ಧರಿಸಿ, ದೇವರ ಕೋಣೆಯಲ್ಲಿ ಲಿಂಗಪೂಜೆಗೆ ಕೂತರೆ ಮುಗಿಯಿತು, ಆಮೇಲೆ ಆ ಗೋಡೆ ಬಿಟ್ಟು ಏಳುತ್ತಿರಲಿಲ್ಲ. ಊಟವೂ ಅಲ್ಲಿಗೇ ಹೋಗಬೇಕು. ಮನೆಯ ಬಲ್ಬುಗಳೆಲ್ಲ ಉರಿಯುತ್ತಿರಬೇಕು, ಹಿತ್ತಿಲಿನದೂ. ದೀಪ ಹಚ್ಚಿದ ಮೇಲೆ ಹೆಣ್ಣುಮಕ್ಕಳು ಹೊಸ್ತಿಲು ದಾಟಬಾರದು, ಅದು ಲಕ್ಷ್ಮಿ ಬರುವ ಹೊತ್ತು. ಮಣೆ, ಬಿಂದಿಗೆ, ಕುರ್ಚಿ ಇಟ್ಟ ಜಾಗದಿಂದ ಒಂದು ಗೇಣು ಸರಿದಿರಬಾರದು. ಹೊಸದರಲ್ಲಿ ನಾನೊಮ್ಮೆ ಹಾಲಿನ ಕುರ್ಚಿಗಳನ್ನು ನಾನು ಓದಿದ ಕಾನ್ವೆಂಟಿನ ಪಾರ್ಲರಿನಂತೆ ಅರ್ಧಚಂದ್ರಾಕಾರವಾಗಿ ಜೋಡಿಸಿ ಬೈಸಿಕೊಂಡಿದ್ದೆ. ಇನ್ನು ಬಟ್ಟೆ ಒಣಹಾಕುವ ಹಗ್ಗ. ಅಡುಗೆಮನೆ ಬಾಗಿಲಿನಿಂದ ಹಿತ್ತಿಲ ಕಕ್ಕಸಿನವರೆಗೆ, ಓಡಾಡುವ ದಾರಿಯ ಪಕ್ಕದಲ್ಲೇ, ಸೊಂಟಕ್ಕಿಂತ ಸ್ವಲ್ಪ ಮೇಲೆ ಕಟ್ಟಿತ್ತು. ಸೀರೆ ಹಾಕಿದರೆ ನೆಲ ಗುಡಿಸುತ್ತಿತ್ತು. ಮೇಲಕ್ಕೆ ಕಟ್ಟೋಣ ಎಂದರೆ, ಮಾವ ಕಟ್ಟಿದ ಹಗ್ಗ, ಮುಟ್ಟಬೇಡ ಎನ್ನುತ್ತಿದ್ದರು. ಅತ್ತೆಯರಿಗೆ ಏನಾದರೊಂದು ಇರುತ್ತದೆ ಎಂದುಕೊಂಡು ನಾನು ಸೀರೆಗಳನ್ನು ತಾರಸಿಗೆ ಹೊತ್ತೊಯ್ಯುತ್ತಿದ್ದೆ.

ಆ ಬೇಸಿಗೆಯ ಒಂದು ಸಂಜೆ ನಾವು ಮೂವರೂ ಸ್ಕೂಟರಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋದೆವು. ದರ್ಶನ ಮುಗಿಸಿ ಇಳಿಯುವಾಗ, ಊರು ಕಾಣುವ ತಿರುವಿನಲ್ಲಿ ಗಾಡಿ ನಿಲ್ಲಿಸಿದೆವು. ಅಲ್ಲಿ ಸಂಜೆ ನೋಡುವುದಕ್ಕೇ ಜನ ಬರುತ್ತಾರೆ. ಕತ್ತಲು ಇನ್ನೂ ಕೂಡಿರಲಿಲ್ಲ. ಬೀದಿ ದೀಪಗಳು ಸಾಲುಸಾಲಾಗಿ ಹೊತ್ತಿಕೊಳ್ಳುತ್ತಿದ್ದವು. ಬೂದು ಬೆಳಕಿನಲ್ಲಿ ಕೆರೆಯ ಅಂಚು, ಮನೆಗಳ ತಾರಸಿ, ಮರಗಳ ತಲೆ ಎಲ್ಲವೂ ನನಗೆ ಚೆನ್ನಾಗಿಯೇ ಕಾಣುತ್ತಿತ್ತು. ಉಮಾ ಕಟ್ಟೆಯ ಮೇಲೆ ಗಲ್ಲವೂರಿ ಬಹಳ ಹೊತ್ತು ನೋಡಿದಳು.

"ಅಮ್ಮ, ದೀಪ ಮಾತ್ರ ಇದೆ. ಊರೆಲ್ಲೋಯ್ತು?"

ನಾವಿಬ್ಬರೂ ನಕ್ಕೆವು. ಐದು ನಿಮಿಷದ ನಂತರ ಅವಳು ನನ್ನ ಕೈ ಬಿಡಿಸಿಕೊಂಡು ಸ್ಕೂಟರಿನತ್ತ ಓಡಿ, ನಡುವೆ ಇದ್ದ ಕಲ್ಲಿನ ಬೆಂಚಿಗೆ ನೇರವಾಗಿ ಹೋಗಿ ಬಡಿದಳು. ಗಲ್ಲ ಒಡೆಯಿತು. ಅವಳು ಅಳಲಿಲ್ಲ. ಎರಡೂ ಕೈಗಳಿಂದ ಬೆಂಚನ್ನು ತಡವಿ, ಇದು ಇಲ್ಲಿತ್ತಾ ಎಂದು ಕೇಳಿದಳು. ರಕ್ತ ಒರೆಸುತ್ತಾ ನಾನು ಅವಳ ಮುಖ ನೋಡಿದೆ. ಕಣ್ಣುಗಳು ಅಗಲವಾಗಿ ತೆರೆದಿದ್ದವು, ನನ್ನ ಮುಖದ ಕಡೆಗೇ ಇದ್ದವು, ಆದರೆ ನನ್ನ ಮೇಲೆ ನೆಟ್ಟಿರಲಿಲ್ಲ.

ಕಣ್ಣಿನ ಡಾಕ್ಟರು ವಯಸ್ಸಾದವರು, ಮೆಲುದನಿಯವರು. ಕಣ್ಣಿಗೆ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಮತ್ತೆ ಮತ್ತೆ ನೋಡಿದರು. ಇದು ಇರುಳುಗುರುಡು ಎಂದರು. ಹುಟ್ಟಿನಿಂದಲೇ ಇದ್ದಿರಬೇಕು, ದೀಪದ ಮನೆಯಲ್ಲಿ ಬೆಳೆದ ಮಗುವಾದ್ದರಿಂದ ಗೊತ್ತಾಗಿಲ್ಲ. ಇದರಲ್ಲಿ ಎರಡು ಬಗೆ. ಒಂದು, ಇದ್ದಷ್ಟೇ ಇದ್ದುಬಿಡುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ ಅಷ್ಟೇ. ಇನ್ನೊಂದರಲ್ಲಿ ಹಗಲ ನೋಟವೂ ಸುತ್ತಲಿಂದ ನಿಧಾನವಾಗಿ ಮುಚ್ಚಿಕೊಳ್ಳುತ್ತಾ ಬರುತ್ತದೆ, ಕೊಳವೆಯಲ್ಲಿ ನೋಡಿದ ಹಾಗೆ, ಕೊನೆಗೆ ಅದೂ ಇಲ್ಲ. ಯಾವುದು ಎಂದು ಈಗಲೇ ಹೇಳಲಾಗದು, ದಸರೆ ಕಳೆದ ಮೇಲೆ ಮತ್ತೆ ಕರೆತನ್ನಿ, ಹೋಲಿಸಿ ನೋಡೋಣ ಎಂದರು. ಮನೆತನದಲ್ಲಿ ಯಾರಿಗಾದರೂ ಹೀಗಿದೆಯೇ ಎಂದು ಕೇಳಿದರು. ನಾವಿಬ್ಬರೂ ಒಟ್ಟಿಗೇ ಇಲ್ಲ ಎಂದೆವು.

ಅತ್ತೆಗೆ ಹೇಳಬಾರದೆಂದು ದಾರಿಯಲ್ಲೇ ತೀರ್ಮಾನವಾಯಿತು. ಹೇಳಿದರೆ ಪೂಜೆ, ಹರಕೆ, ಅಳು. ನಾಳೆ ಬೀದಿಗೆಲ್ಲ ಗೊತ್ತು. ಹೆಣ್ಣು ಕೂಸು ಬೇರೆ. "ಅವ್ವನ ಹತ್ರ ಉಸುರೆತ್ಬೇಡ," ಎಂದರು ನಮ್ಮವರು. ಉಮಾಳಿಗೂ ಅಷ್ಟೇ, ಕಣ್ಣು ಸ್ವಲ್ಪ ವೀಕು ಎಂದು ಮಾತ್ರ ಹೇಳಿದೆವು. ಅವಳು ಏನೂ ಕೇಳಲಿಲ್ಲ. ಅದು ಆಗಲೇ ನನಗೆ ವಿಚಿತ್ರವೆನಿಸಬೇಕಿತ್ತು.

ಅದೇ ರಜೆಯಲ್ಲಿ ಕಾನ್ವೆಂಟಿನ ಗೆಳತಿ ರೋಸಿ ಬೊಂಬಾಯಿಯಿಂದ ಬಂದಿದ್ದಳು. ಅವರಲ್ಲಿ ಸಂಜೆ ಶುರುವಾಗುವುದೇ ನಮ್ಮ ಊಟದ ಹೊತ್ತಿನ ಮೇಲಂತೆ. ಕ್ಲಬ್ಬು, ಪಾರ್ಟಿ, ಡಾನ್ಸು. "ನಿಮ್ಮೂರಲ್ಲಿ ಸಾಯಂಕಾಲ ಏನೇ ಇದೆ, ಮಲಗೋದು ಬಿಟ್ಟು?" ಎಂದು ಕೆಣಕಿದಳು. ನಾನು ಸೋಲದೆ ಎಣಿಸತೊಡಗಿದೆ. ಭಾನುವಾರ ಅರಮನೆ ದೀಪ, ಬೃಂದಾವನದಲ್ಲಿ ಬಣ್ಣದ ಕಾರಂಜಿ, ಬೆಟ್ಟದ ಮೇಲಿಂದ ಊರು, ಬಲ್ಬಿನ ಕೆಳಗೆ ಹೊಳೆಯುವ ಮಾರ್ಕೆಟ್ಟಿನ ಕುಂಕುಮದ ರಾಶಿ, ದಸರೆಯಲ್ಲಿ ಎಕ್ಸಿಬಿಷನ್ನು, ಪಂಜಿನ ಕವಾಯತು. ಎಣಿಸುತ್ತಾ ಹೋದಂತೆ ನನಗೇ ಹೊಳೆಯಿತು. ನಮ್ಮೂರಿನ ಸಂಜೆಯೆಂದರೆ ಬರೀ ದೀಪವೇ. ಅದೊಂದನ್ನಾದರೂ ನನ್ನ ಮಗಳ ಕಣ್ಣು ಇನ್ನೂ ಹಿಡಿಯುತ್ತಿತ್ತು. ಇನ್ನೆಷ್ಟು ದಿನವೋ.

ರೋಸಿ ಹೋದ ಮೇಲೆ ನಾನು ಟಾರ್ಚು ತೆಗೆದು ಬ್ಯಾಗಿಗೆ ಹಾಕಿಕೊಂಡೆ.

ಹೊಸ್ತಿಲು ದಾಟುವುದೇ ಮೊದಲ ಯುದ್ಧ. ದೇವರ ಕೋಣೆಯಿಂದ ಅತ್ತೆಯ ದನಿ ಬರುತ್ತಿತ್ತು, "ಏನವ್ವ, ಇವತ್ತೂ ಅಂಬಾರಿ ಹತ್ತೋಕೆ ಹೊರಟ್ರಾ ಅಮ್ಮ ಮಗಳು?" ಎಂದು. ಮೂಲೆ ಮನೆಯ ಪದ್ಮಮ್ಮ ಗೇಟಿಗೆ ಒರಗಿ, ಏನ್ರೀ ದಿನಾ ಸವಾರಿ, ಲಾಟರಿ ಹೊಡೀತಾ ಎನ್ನುತ್ತಿದ್ದಳು. ನಾನು ನಕ್ಕು ಮುಂದೆ ಹೋಗುತ್ತಿದ್ದೆ. ನಮ್ಮವರದು ಮಧ್ಯಾಹ್ನದ ಪಾಳಿಯಾದ ವಾರ ನಾವಿಬ್ಬರೇ ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದೆವು. ಬಸ್ಸಿನ ಮೆಟ್ಟಿಲು, ಫುಟ್‌ಪಾತಿನ ಎತ್ತಿದ ಕಲ್ಲು, ಚರಂಡಿಯ ಬಾಯಿ. ಅಲ್ಲಿಯವರೆಗೆ ನಾನು ಕಣ್ಣೆತ್ತಿಯೂ ನೋಡಿರದ ಇವೆಲ್ಲ ಆ ವರ್ಷ ನನ್ನ ಕನಸಿಗೆ ಬರುತ್ತಿದ್ದವು.

ಬೃಂದಾವನದಲ್ಲಿ ಕಾರಂಜಿ ಕೆಂಪು, ಹಸಿರು, ಹಳದಿಯಾಗಿ ಏಳುತ್ತಿದ್ದರೆ ಉಮಾ ಬಾಯಿಬಿಟ್ಟು ನೋಡುತ್ತಿದ್ದಳು. ನಾನು ಕಾರಂಜಿ ನೋಡಲೇ ಇಲ್ಲ. ಅವಳ ಪಾದ ಮತ್ತು ನೀರಿನ ಅಂಚಿನ ನಡುವೆ ಎಷ್ಟು ಜಾಗವಿದೆ ಎಂಬುದನ್ನು ನೋಡುತ್ತಿದ್ದೆ. ಕಾರಂಜಿಯ ಹಾಡು ಮುಗಿದು ಜನವೆಲ್ಲ ಒಟ್ಟಿಗೆ ಸೇತುವೆಯ ಕಡೆ ನುಗ್ಗಿದಾಗ ಅವಳ ಮಣಿಕಟ್ಟನ್ನು ಎಷ್ಟು ಬಿಗಿ ಹಿಡಿದಿದ್ದೆನೆಂದರೆ ಮನೆಗೆ ಬಂದು ನೋಡಿದರೆ ಬಳೆಯ ಗುರುತು ಕೆಂಪಗೆ ಕೂತಿತ್ತು. ಮಾರ್ಕೆಟ್ಟಿನಲ್ಲಿ ಮಾತ್ರ ಅವಳು ರಾಣಿ. ಪ್ರತಿ ಅಂಗಡಿಗೂ ಒಂದು ಬಲ್ಬು. ಕಾಕಡದ ಮಾಲೆ ಯಾವುದು, ಮರುಗ ಯಾವುದು ಎಂದು ಕಣ್ಣಿಗಿಂತ ಮೊದಲು ಮೂಗಿನಿಂದ ಹೇಳುತ್ತಿದ್ದಳು. ಒಮ್ಮೆ ನಾಟಕಕ್ಕೆ ಕರೆದೊಯ್ದಿದ್ದೆ. ಸಭಾಂಗಣದ ದೀಪ ಆರಿದಾಗ ಅವಳು ನನ್ನ ಕಿವಿಗೆ ಬಾಯಿಟ್ಟು, "ಈಗ ಯಾರಿಗೂ ಕಾಣಲ್ಲ ಅಲ್ವಾಮ್ಮ?" ಎಂದು ಕೇಳಿದಳು. ದನಿಯಲ್ಲಿ ಎಂಥ ಸಂತೋಷವಿತ್ತೆಂದರೆ ಆ ನಾಟಕದ ಒಂದು ಮಾತೂ ನನ್ನ ತಲೆಗೆ ಹೋಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೋದದ್ದು ಭಾನುವಾರದ ಅರಮನೆಗೆ. ಹುಲ್ಲಿನ ಮೇಲೆ ಕೂತು ಚುರುಮುರಿ ತಿನ್ನುತ್ತಾ ಕಾಯುವುದು. ಪೊಲೀಸ್ ಬ್ಯಾಂಡು ನುಡಿಯುತ್ತಿರುವಾಗಲೇ ಇದ್ದಕ್ಕಿದ್ದಂತೆ ಇಡೀ ಅರಮನೆ ಬಂಗಾರದ ಗೆರೆಗಳಲ್ಲಿ ಎದ್ದು ನಿಲ್ಲುತ್ತದೆ. ಸಾವಿರ ಗಂಟಲುಗಳಿಂದ ಒಂದೇ ಒಂದು 'ಹೋ' ಹೊರಡುತ್ತದೆ. ಆ ಬೆಳಕಿನಲ್ಲಿ ಉಮಾ ಎಲ್ಲ ಮಕ್ಕಳಂತೆ ಓಡುತ್ತಿದ್ದಳು, ಬೀಳುತ್ತಿರಲಿಲ್ಲ. ನಾನು ಮಾತ್ರ ಗಡಿಯಾರ ನೋಡುತ್ತಿದ್ದೆ. ದೀಪ ಹೊತ್ತುವುದಕ್ಕೆ ಎಲ್ಲರೂ ಕಾಯುತ್ತಾರೆ. ಆರುವ ಗಳಿಗೆಯನ್ನು ನಾನು ಕಾಯುತ್ತಿದ್ದೆ. ಅದಕ್ಕೆ ಸ್ವಲ್ಪ ಮೊದಲೇ ಅವಳನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿ ಕೈ ಹಿಡಿದುಕೊಳ್ಳುತ್ತಿದ್ದೆ. ದೀಪವೆಲ್ಲ ಒಟ್ಟಿಗೆ ಆರಿಹೋದಾಗ ಅವಳ ಬೆರಳುಗಳು ನನ್ನ ಅಂಗೈಯಲ್ಲಿ ಒಮ್ಮೆ ಮುದುರಿಕೊಳ್ಳುತ್ತಿದ್ದವು. ಒಂದು ದಿನ ಇದು ಹಗಲಿನಲ್ಲೇ ಆಗಿಬಿಟ್ಟರೆ ಎಂದು ನನಗೆ ಅನಿಸುತ್ತಿತ್ತು. ಒಂದು ದಿನ ಬೆಳಿಗ್ಗೆ ಎದ್ದು, ಅಮ್ಮ, ಬೆಳಗಾಗಲಿಲ್ವಾ ಎಂದು ಕೇಳಿಬಿಟ್ಟರೆ.

ಮಳೆಗಾಲದಲ್ಲಿ ಒಮ್ಮೆ ಕರೆಂಟು ಹೋಗಿದ್ದಾಗ ನಾನು ಪದ್ಮಮ್ಮನ ಮನೆಯಿಂದ ಬಂದೆ. ಒಳಗೆ ಕಗ್ಗತ್ತಲು, ಮೇಣದ ಬತ್ತಿಯೂ ಇಲ್ಲ. ಹಾಲಿನಲ್ಲಿ ಅಜ್ಜಿ ಮೊಮ್ಮಗಳು ಏನೋ ಆಟವಾಡುತ್ತಾ ಕಿಸಿಕಿಸಿ ನಗುತ್ತಿದ್ದರು. "ಅಂಗಲ್ಲ, ಕೈ ಬೆನ್ನು ಗ್ವಾಡೆಗೆ ಸವರ್ಕೊಂಡು ಬಾ, ಬೆರಳ ತುದಿ ಅಲ್ಲ," ಎಂದು ಅತ್ತೆ ಹೇಳುವುದು ಕೇಳಿಸಿತು. ಕಣ್ಣಾಮುಚ್ಚಾಲೆ ಎಂದುಕೊಂಡೆ. ಮಗು ಎಡವಿ ಬೀಳುತ್ತಾಳೆ, ಕತ್ತಲಲ್ಲಿ ಎಂಥ ಆಟ ನಿಮ್ಮದು ಎಂದು ಅತ್ತೆಗೆ ಮೊದಲ ಸಲ ದನಿ ಏರಿಸಿದೆ. ಅವರು ನಿಂತಲ್ಲಿಂದ ಅಲುಗಲಿಲ್ಲ. ನಾನು ಟಾರ್ಚು ಹಾಕಿದ ಮೇಲೇ ದೇವರ ಕೋಣೆಗೆ ಹೋದರು.

ದಸರೆ ಬಂತು. ಡಾಕ್ಟರು ಹೇಳಿದ ಗಡುವು ಹತ್ತಿರವಾದಂತೆ ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಸಂಜೆ ನಮ್ಮವರೂ ಜೊತೆಗಿದ್ದರು. ಮೂವರೂ ಎಕ್ಸಿಬಿಷನ್ನಿಗೆ ಹೋದೆವು. ಗೇಟಿನಿಂದಲೇ ಜಾತ್ರೆಯಂಥ ಗದ್ದಲ, ಜೈಂಟ್ ವೀಲಿನ ಕಿರುಚಾಟ, ಎಣ್ಣೆಯಲ್ಲಿ ಮೆಣಸಿನಕಾಯಿ ಬೋಂಡ ಸಿಡಿಯುವ ಸದ್ದು. ತಪ್ಪಿಸಿಕೊಂಡ ಮಕ್ಕಳ ಗುರುತನ್ನು ಮೈಕಿನಲ್ಲಿ ಒಂದೇ ಸಮನೆ ಕೂಗುತ್ತಿದ್ದರು. ಹಸಿರು ಲಂಗ, ಎರಡು ಜಡೆ, ಹೆಸರು ಕೇಳಿದರೆ ಹೇಳುತ್ತಿಲ್ಲ. ಅದನ್ನು ಕೇಳಿದಾಗಲೆಲ್ಲ ನಾನು ಉಮಾಳ ಕೈ ಬಿಗಿ ಹಿಡಿಯುತ್ತಿದ್ದೆ. ಅವಳಿಗೆ ದೆಹಲಿ ಹಪ್ಪಳ ಬೇಕಾಗಿತ್ತು, ಮುಖಕ್ಕಿಂತ ದೊಡ್ಡದು. ನನ್ನ ಕೈ ಖಾಲಿ ಇರಲೆಂದು ನಮ್ಮವರು ನನ್ನ ಬ್ಯಾಗನ್ನೂ ಹೆಗಲಿಗೆ ಹಾಕಿಕೊಂಡು ಹಪ್ಪಳದ ಕ್ಯೂಗೆ ಹೋದರು. ಟಾರ್ಚು ಅದರಲ್ಲಿತ್ತು.

ಬಳೆ ಅಂಗಡಿಗಳ ಸಾಲಿನಲ್ಲಿ ಉಮಾ ಕೈ ಚಾಚಿ ಬಳೆ ಅಳತೆ ನೋಡಿಸಿಕೊಳ್ಳುತ್ತಿದ್ದಳು. ಆ ಒಂದು ಗಳಿಗೆಗಾಗಿ ನಾನು ಅವಳ ಇನ್ನೊಂದು ಕೈ ಬಿಟ್ಟಿದ್ದೆ. ಆಗಲೇ ಊರಿನಲ್ಲೆಲ್ಲ ಕರೆಂಟು ಹೋಯಿತು.

ಅಂಥ ಕತ್ತಲನ್ನು ಯಾರೂ ನಿರೀಕ್ಷಿಸಿರಲಿಲ್ಲ. ಜೈಂಟ್ ವೀಲು ನಿಂತಿತು, ಮೇಲಿದ್ದವರು ಕೂಗಿಕೊಂಡರು. ಹಿಂದಿನಿಂದ ಒಂದು ಅಲೆ ಬಂದಂತೆ ಜನ ನೂಕಿದರು. ನಾನು ಎಲ್ಲೋ ಮುಂದಕ್ಕೆ ಹೋಗಿಬಿಟ್ಟೆ. ಕೈ ಚಾಚಿದರೆ ಯಾರದೋ ಸೀರೆ, ಯಾರದೋ ಬೆವರು. ಉಮಾ, ಉಮಾ ಎಂದು ಕೂಗಿದೆ. ಎಲ್ಲ ತಾಯಂದಿರೂ ಕೂಗುತ್ತಿದ್ದರು. ಮೈಕು ಸತ್ತಿತ್ತು. ಹೆದರಿಕೆಯಾದಾಗ ನನ್ನ ನಾಲಿಗೆಗೆ ಬರುವುದು ಇಂದಿಗೂ ಕಾನ್ವೆಂಟಿನ ಪ್ರಾರ್ಥನೆಯೇ. ಅದೂ ಅರ್ಧಕ್ಕೆ ನಿಂತುಹೋಯಿತು, ಮುಂದಿನ ಸಾಲು ನೆನಪಾಗಲಿಲ್ಲ. ಸುತ್ತಲಿನವರಿಗೆ ಸ್ವಲ್ಪ ಹೊತ್ತಿನಲ್ಲಿ ಕಣ್ಣು ಕತ್ತಲಿಗೆ ಹೊಂದಿಕೊಂಡಿತು, ಬೆಂಕಿ ಕಡ್ಡಿ ಗೀರಿದರು, ದಾರಿ ಮಾಡಿಕೊಂಡರು. ಅವಳಿಗೆ ಅದೂ ಇಲ್ಲ. ಅವಳು ಓಡಿದರೆ ಎಂದುಕೊಂಡೆ. ನನ್ನ ದನಿ ಕೇಳಿ ನನ್ನ ಕಡೆಗೆ ಓಡಿಬಂದರೆ, ಎಣ್ಣೆಯ ಬಾಣಲೆಗಳು, ಗೂಟಗಳು, ಅಷ್ಟು ಜನರ ಕಾಲುಗಳು. ಆಗ ನಾನು ಕೂಗುವುದನ್ನು ನಿಲ್ಲಿಸಿಬಿಟ್ಟೆ. ಮಗುವನ್ನು ಕರೆಯುವುದಕ್ಕೂ ಹೆದರಿ ಬಾಯಿ ಮುಚ್ಚಿಕೊಂಡು ನಿಲ್ಲುವುದು ಯಾವ ತಾಯಿಗೂ ಬೇಡ.

ಎಲ್ಲೋ ಜನರೇಟರು ಗುಡುಗಿತು. ಅಲ್ಲೊಂದು ಇಲ್ಲೊಂದು ಬಲ್ಬು ಕೆಂಪಗೆ ಹೊತ್ತಿತು. ಜನರನ್ನು ತಳ್ಳಿಕೊಂಡು ಬಳೆ ಅಂಗಡಿಗೆ ಓಡಿದೆ. ಉಮಾ ಅಲ್ಲೇ ಇದ್ದಳು. ಅಂಗಡಿಯ ಡೇರೆಗೆ ಕಟ್ಟಿದ ಹಗ್ಗದ ಬುಡದಲ್ಲಿ, ಗೂಟಕ್ಕೆ ಬೆನ್ನು ಕೊಟ್ಟು, ಲಂಗವನ್ನು ಕಾಲ ಕೆಳಗೆ ಮಡಿಸಿಕೊಂಡು ನೆಲದ ಮೇಲೆ ಕೂತಿದ್ದಳು. ಒಂದು ಕೈ ಹಗ್ಗ ಹಿಡಿದಿತ್ತು. ಮುಖದಲ್ಲಿ ಅಳುವಿರಲಿಲ್ಲ, ಏನೋ ಒಪ್ಪಿಸುವ ಪಾಠ ನೆನಪಿಸಿಕೊಳ್ಳುತ್ತಿರುವಂತಿತ್ತು.

"ನಾನು ನಡೀಲೇ ಇಲ್ಲಮ್ಮ," ಎಂದಳು. "ಕತ್ತಲಾದ್ರೆ ನಡೀಬಾರ್ದು. ಇದ್ದಲ್ಲೇ ಕೂತ್ಕೊಂಡು ಗೋಡೆನೋ ಹಗ್ಗನೋ ಹುಡುಕ್ಕೋಬೇಕು. ಯಾರು ಕರೆದ್ರೂ ಏಳಬಾರ್ದು. ಅಜ್ಜಿ ಹೇಳ್ಕೊಟ್ಟಿದ್ದಾರೆ."

"ಅಜ್ಜಿಗೆ ಹೇಗೆ ಗೊತ್ತು?"

ಅವಳು ನನ್ನ ಮುಖ ನೋಡಿ, ಹೇಳಬಾರದ್ದನ್ನು ಹೇಳಿದವಳಂತೆ ಕೆಳತುಟಿ ಕಚ್ಚಿಕೊಂಡಳು. "ಅಜ್ಜಿನೂ ಹಾಗೇ ಮಾಡೋದು."

ಹಪ್ಪಳ ಹಿಡಿದು ಓಡಿಬಂದ ನಮ್ಮವರು ನನ್ನನ್ನು ನೋಡಿ ಏನಾಯಿತು ಎಂದರು. ಮನೆಗೆ ಹೋಗೋಣ ಎಂದೆ. ಸ್ಕೂಟರಿನ ಹಿಂದೆ ಕೂತು ಮನೆಗೆ ಬರುವವರೆಗೆ ಆ ಮನೆಯ ಒಂದೊಂದೇ ಸಾಮಾನು ನನ್ನ ಕಣ್ಣ ಮುಂದೆ ಬಂದು ನಿಂತಿತು. ಸರಿಸಬಾರದ ಮಣೆ. ಆರಿಸಬಾರದ ಬಲ್ಬು. ದೇವರ ಕೋಣೆಯ ಗೋಡೆ. ಅಡುಗೆಮನೆಯಿಂದ ಕಕ್ಕಸಿನವರೆಗಿನ ಹಗ್ಗ.

ನಾವು ತಲುಪುವ ಹೊತ್ತಿಗೆ ನಮ್ಮ ಬೀದಿಗೆ ಕರೆಂಟು ಬಂದಿತ್ತು. ಅತ್ತೆ ಗೋಡೆಗೊರಗಿ ಕೂತಿದ್ದರು. ಉಮಾ ಹೋಗಿ ಅವರ ತೊಡೆಯ ಮೇಲೆ ತಲೆಯಿಟ್ಟಳು. ನಾನು ಎದುರಿಗೆ ನೆಲದ ಮೇಲೆ ಕೂತೆ. ಅವರ ಕಣ್ಣಿನ ವಿಷಯ ಕೇಳಿದೆ. ಅವರು ಮಗುವಿನ ಮಾತು ಬುಡು ಎಂದು ತಳ್ಳಿಹಾಕಿ ವಿಭೂತಿ ಗಟ್ಟಿಯನ್ನು ಎತ್ತಿಟ್ಟರು. ಆಗ ನಾನು ಬೇಸಿಗೆಯಿಂದ ಒಳಗಿಟ್ಟುಕೊಂಡದ್ದನ್ನೆಲ್ಲ ಹೇಳಿಬಿಟ್ಟೆ. ಡಾಕ್ಟರ ಮಾತು, ಎರಡು ಬಗೆ, ಹಗಲ ನೋಟವೂ ಹೋಗಬಹುದೆಂಬುದು, ಅದಕ್ಕೇ ದಿನಾ ಸಂಜೆ ಇವಳನ್ನು ಹೊರಗೆ ಕರೆದೊಯ್ಯುವುದು, ಎಲ್ಲ. ಉಮಾ ಕೇಳಿಸಿಕೊಳ್ಳುತ್ತಿದ್ದಾಳೆಂಬುದೂ ನನಗೆ ಮರೆತುಹೋಗಿತ್ತು.

ಅತ್ತೆಯ ಕೈ ಮೊಮ್ಮಗಳ ತಲೆಯ ಮೇಲೆ ನಿಂತುಬಿಟ್ಟಿತು.

"ಹಗಲೂನಾ? ಯಾರವ್ವ ಅಂಗಂದೋರು?" ಎಂದರು. ಆಮೇಲೆ ಮತ್ತೆ ಆ ತಲೆ ಸವರುತ್ತಾ, "ಹಗಲು ಹೋಗಕಿಲ್ಲ ಕಣವ್ವ. ಹೋಗೋದಾಗಿದ್ರೆ ನಂದು ಎಂದೋ ಹೋಗ್ತಿತ್ತು. ನಮ್ಮವ್ವಂಗೂ ಇಂಗೇ ಇತ್ತು. ಸಾಯೋ ವರ್ಷನೂ ಹಗಲಲ್ಲಿ ಕೂತು ಅಕ್ಕಿ ಆರಿಸೋಳು, ಒಂದು ಕಲ್ಲು ಬುಡ್ತಿರಲಿಲ್ಲ."

ಉಮಾ ನಡೆಯಲು ಕಲಿತ ಕಾಲಕ್ಕೇ ಅವರಿಗೆ ಗೊತ್ತಾಗಿತ್ತಂತೆ. ಮುಸ್ಸಂಜೆಯಲ್ಲಿ ಮಗು ಕಾಲಿಡುವ ರೀತಿ ತಮ್ಮದೇ ರೀತಿ. ನಮಗೆ ಗೊತ್ತಾದರೆ ಮಗುವನ್ನು ಕಂಡು ಮರುಗುತ್ತೇವೆ, ಊರಿಗೆ ಹೇಳುತ್ತೇವೆ ಎಂದು ಅವರು ಮುಚ್ಚಿಟ್ಟಿದ್ದರು. ಅವರಿಗೆ ಗೊತ್ತಾದರೆ ಹಾಗಾಗುತ್ತದೆಂದು ನಾವು ಮುಚ್ಚಿಟ್ಟಿದ್ದೆವು. ನಡುವೆ ಆ ಮಗು ಇಬ್ಬರ ಗುಟ್ಟನ್ನೂ ಹೊತ್ತುಕೊಂಡು ಓಡಾಡುತ್ತಿತ್ತು. ಮದುವೆಯಾಗಿ ಬರುವಾಗ ಅತ್ತೆಗೆ ಅವರ ತಾಯಿ ಹೇಳಿ ಕಳಿಸಿದ್ದರಂತೆ: ಗೊತ್ತಾದರೆ ತವರಿಗೆ ಅಟ್ಟುತ್ತಾರೆ, ಹೊತ್ತು ಮುಳುಗಿದ ಮೇಲೆ ಪೂಜೆ ಹಿಡಿದುಬಿಡು, ಪೂಜೆ ಮಾಡುವ ಸೊಸೆಯನ್ನು ಯಾರೂ ಎಬ್ಬಿಸುವುದಿಲ್ಲ.

ಮಾವನಿಗೆ ಗೊತ್ತಿತ್ತೇ ಎಂದು ಕೇಳಿದೆ.

"ನಾನು ಹೇಳ್ಲಿಲ್ಲ, ಅವರು ಕೇಳ್ಲಿಲ್ಲ. ಬಂದ ವರ್ಷ ಹಿತ್ತಲಲ್ಲಿ ಒಂದ್ಸಲ ಬಿದ್ದೆ. ಮಾರನೆ ದಿನ ಅಂಗಡಿಯಿಂದ ಹಗ್ಗ ತಂದು ಕಟ್ಟಿದ್ರು. ಬಟ್ಟೆ ಒಣಗಾಕೋಕೆ ಅಂದ್ರು. ನಾನೂ ಅಂಗೇ ಅಂದ್ಕೊಂಡೆ. ಇಬ್ರೂ ಅಂಗೇ ಅಂದ್ಕೊಂಡೇ ಸಂಸಾರ ಮಾಡ್ಬುಟ್ವಿ."

ನಮ್ಮವರು ಅಲ್ಲಿಯವರೆಗೂ ಹಪ್ಪಳ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. "ಸ್ಕೂಲ್ ಡೇ ಸಾಯಂಕಾಲ ನೀನು ಬರ್ಲೇ ಇಲ್ವಲ್ಲ ಅವ್ವ," ಎಂದರು. "ನಾನು ರಾಜನ ಪಾರ್ಟು ಮಾಡಿದ್ದೆ." ನಲವತ್ತರ ಗಂಡಸು ಹುಡುಗನ ದನಿಯಲ್ಲಿ ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು. ಅತ್ತೆ, ಕಿರೀಟ ಹಗಲಲ್ಲೇ ನೋಡಿದ್ದೆ ಕಣಪ್ಪ, ನಾನೇ ಅಲ್ವಾ ಹೊಲಿದಿದ್ದು ಎಂದರು.

ಡಾಕ್ಟರ ಹತ್ತಿರ ಹೋಗಲು ಅವರು ಸುಲಭಕ್ಕೆ ಒಪ್ಪಲಿಲ್ಲ. ಇಷ್ಟು ವರ್ಷ ಮುಚ್ಚಿದ್ದನ್ನು ಪರ ಗಂಡಸಿನ ಮುಂದೆ ಬಿಚ್ಚುವುದೇ ಎಂದು ಮುಖ ತಿರುಗಿಸಿದರು. ಕೊನೆಗೆ ಒಪ್ಪಿದ್ದು ಉಮಾ, ಮೊದಲು ನೀವು ಹನಿ ಹಾಕಿಸ್ಕೊಳ್ಳಿ ಅಜ್ಜಿ, ಆಮೇಲೆ ನಾನು ಎಂದಾಗ. ಡಾಕ್ಟರು ಅಜ್ಜಿಯ ಕಣ್ಣನ್ನು ಮೊಮ್ಮಗಳ ಕಣ್ಣಿಗಿಂತ ಹೆಚ್ಚು ಹೊತ್ತು ನೋಡಿದರು. ಅಕ್ಷರದ ಹಲಗೆಯನ್ನು ಅತ್ತೆ ಕೆಳಗಿನ ಸಾಲಿನವರೆಗೂ ಓದಿದರು. ನಾನು ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಕೂತಿದ್ದೆ. ಡಾಕ್ಟರು ಕೈ ತೊಳೆದು ಬಂದು, ಮೊದಲ ದಿನವೇ ಇವರನ್ನು ಕರೆತಂದಿದ್ದರೆ ನೀವು ಅರ್ಧ ವರ್ಷ ನಿದ್ದೆ ಮಾಡುತ್ತಿದ್ದಿರಿ ಎಂದರು. ಅಜ್ಜಿಗೂ ಅವರ ತಾಯಿಗೂ ಹಗಲ ನೋಟ ಕೆಟ್ಟಿಲ್ಲ, ಮಗುವಿನ ಕಣ್ಣೂ ಬೇಸಿಗೆಯಲ್ಲಿ ಇದ್ದ ಹಾಗೇ ಇದೆ. ಇದು ಇದ್ದಷ್ಟೇ ಇರುವ ಬಗೆ ಎಂದೇ ನನ್ನ ನಂಬಿಕೆ. ವರ್ಷಕ್ಕೊಮ್ಮೆ ತೋರಿಸುತ್ತಿರಿ. ನಂಬಿಕೆ ಎಂದರು, ಖಂಡಿತ ಎನ್ನಲಿಲ್ಲ. ಆ ಒಂದು ಪದ ನನ್ನಲ್ಲಿ ಅನೇಕ ವರ್ಷ ಉಳಿಯಿತು. ಪ್ರತಿ ವರ್ಷ ಅದೇ ಬೆಂಚಿನ ಮೇಲೆ, ಸೀರೆಯ ಅಂಚು ಸುತ್ತುತ್ತಾ. ಉಮಾ ಈಗ ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಹೊತ್ತು ಮುಳುಗುವ ಮೊದಲು ಮನೆ ಸೇರುತ್ತಾಳೆ. ಹಗಲು ಅವಳಿಗೆ ಇನ್ನೂ ಪೂರ್ತಿ ಇದೆ. ಆದರೂ ಅವಳು ಎಂದಾದರೂ ಓದುತ್ತಾ ಕಣ್ಣುಜ್ಜಿಕೊಂಡರೆ ನಾನು ಮಾಡುವ ಕೆಲಸ ಬಿಟ್ಟು ನೋಡುತ್ತೇನೆ.

ಆ ವರ್ಷದ ಕಾರ್ತಿಕದಲ್ಲಿ ಒಂದು ಭಾನುವಾರ ಉಮಾ ಅಜ್ಜಿಯನ್ನು ಬಿಡಲೇ ಇಲ್ಲ. ಮೈಸೂರಿಗೆ ಸೊಸೆಯಾಗಿ ಬಂದು ಅಷ್ಟು ವರ್ಷವಾಗಿದ್ದರೂ ಅತ್ತೆ ಅರಮನೆಯ ದೀಪ ನೋಡಿರಲಿಲ್ಲ. ಊರಿಂದ ನೆಂಟರು ಬಂದಾಗ ಮಾತ್ರ, ನೋಡ್ಕೊಂಡು ಬನ್ನಿ, ಬಂಗಾರ ಸುರಿದಂಗಿರ್ತದೆ ಎಂದು ನೋಡಿದವರಂತೆಯೇ ಹೇಳಿ ಕಳಿಸುತ್ತಿದ್ದರು. ಆ ಸಂಜೆ ಬೇಗ ಪೂಜೆ ಮುಗಿಸಿ, ಹೊಸ್ತಿಲ ಬಳಿ ಒಂದು ಗಳಿಗೆ ನಿಂತು, ದಾಟಿದರು. ಗೇಟಿಗೆ ಒರಗಿದ್ದ ಪದ್ಮಮ್ಮ ನೆಟ್ಟಗೆ ನಿಂತು ನೋಡಿದಳು.

ಹುಲ್ಲಿನ ಮೇಲೆ ಕೂತೆವು. ಬೆಳಕು ಇಳಿಯುತ್ತಿದ್ದಂತೆ ಅತ್ತೆ ನನ್ನ ಪಕ್ಕಕ್ಕೆ ಒತ್ತಿ ಕೂತರು. ಹಿಂದೆ ಯಾರೋ ಓಡಿದರೆ ಬೆಚ್ಚುತ್ತಿದ್ದರು. ಆಗ ಬ್ಯಾಂಡು ನುಡಿಯಿತು, ದೀಪ ಹೊತ್ತಿತು, ಜನ 'ಹೋ' ಎಂದರು. ಉಮಾ ಅರಮನೆಯನ್ನು ನೋಡದೆ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಅತ್ತೆಯ ವಿಭೂತಿಯ ಮೇಲೆ ಹೊಂಬಣ್ಣ ಬಿದ್ದಿತ್ತು.

"ಇಷ್ಟೇಯಾ?" ಎಂದರು ಅತ್ತೆ. ಮತ್ತೆ ಆ ಗಂಟೆಯುದ್ದಕ್ಕೂ ಅಲ್ಲಿಂದ ಕಣ್ಣು ಕೀಳಲಿಲ್ಲ. ಚುರುಮುರಿ ಪೊಟ್ಟಣ ಕೈಯಲ್ಲೇ ಮೆತ್ತಗಾಯಿತು.

ಆರುವ ಹೊತ್ತು ಹತ್ತಿರ ಬಂದಾಗ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿಕೊಂಡೆ. ಎಡಗೈಗೆ ಉಮಾ, ಬಲಗೈಗೆ ಅತ್ತೆ. ಟಾರ್ಚು ಬ್ಯಾಗಿನಲ್ಲಿತ್ತು, ತೆಗೆಯಲು ಕೈ ಇರಲಿಲ್ಲ. ನೋಡುತ್ತಿದ್ದಂತೆ ಅರಮನೆ ಇಲ್ಲವಾಯಿತು. ಅಷ್ಟು ಹೊತ್ತು ಆ ಬೆಳಕನ್ನೇ ನೋಡಿದ್ದಕ್ಕೋ ಏನೋ, ನನಗೂ ಏನೂ ಕಾಣಲಿಲ್ಲ. ಸುತ್ತ ಜನ ಎದ್ದರು, ನುಗ್ಗಿದರು. ಇಬ್ಬರನ್ನೂ ಬೇಗ ಹೊರಗೆ ದಾಟಿಸಬೇಕೆಂಬ ಗಾಬರಿಯಲ್ಲಿ ನಾನು ಕಾಣದೆಯೇ ಒಂದು ಹೆಜ್ಜೆ ಎತ್ತಿದೆ. ಎಡಗೈ, ಬಲಗೈ ಎರಡೂ ಒಟ್ಟಿಗೇ ನನ್ನನ್ನು ಹಿಂದಕ್ಕೆ ಜಗ್ಗಿದವು.

"ನಡೀಬೇಡ," ಎಂದರು ಅತ್ತೆ. "ನಿಂತ್ಕೊ."

ನಿಂತೆ.